ಪ್ವಾರೋ ಅತ್ತ ಎಪಿಸೋಡು: ಹಿಮದ ರೈಲಿನಿಂದ ಮುರ್ಕಿಯವರೆಗೆ

ಇವತ್ತು ಒಂದು ಟಿವಿ ಸೀರಿಯಲ್ಲಿನ ಒಂದೇ ಒಂದು ಎಪಿಸೋಡಿನ ಬಗ್ಗೆ ಮಾತು. ಮೊದಲೇ ಹೇಳಿಬಿಡ್ತೀನಿ, ಕೊಂದವರು ಯಾರು ಅನ್ನೋದನ್ನ ನಾನು ಮುಚ್ಚಿಡೋದಿಲ್ಲ. ಕಥೆ 1934ರದ್ದು, ತೊಂಬತ್ತು ವರ್ಷ ದಾಟೈತಿ. ಆದರೂ ಇನ್ನೂ ನೋಡಿಲ್ಲ, ಮುಂದೆ ನೋಡೋದೈತಿ ಅನ್ನೋರು ಇಲ್ಲೇ ಪಾಸ್ ಒತ್ತಿ, ನೋಡಿಕೊಂಡು ಬರ್ರಿ.

ಉಳಿದವರು ಮುಂದೆ ನಡೀರಿ.

ಕೊಲೆಯ ಕಥೆಗಳಲ್ಲಿ ಒಂದು ಜಾತಿ ಐತಿ. ಇಂಗ್ಲಿಷಿನವರು ಅದಕ್ಕೆ 'ಕೋಜಿ' ಅಂತಾರೆ. ಚಳಿಗಾಲದಾಗ ಕೌದಿ ಹೊದ್ದುಕೊಂಡು ಕೂತ ಹಾಗೆ. ಮೊದಲ ಹತ್ತು ನಿಮಿಷದಲ್ಲಿ ಒಂದು ಹೆಣ ಬೀಳುತ್ತೆ, ಆದರೆ ಯಾರೂ ಜಾಸ್ತಿ ಅಳೋದಿಲ್ಲ. ಒಬ್ಬ ಜಾಣ ಬರ್ತಾನೆ, ಎಲ್ಲರನ್ನೂ ಪ್ರಶ್ನೆ ಕೇಳ್ತಾನೆ, ಕೊನೆಗೆ ಒಂದು ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿ ಒಬ್ಬರ ಕಡೆ ಬೆರಳು ತೋರಿಸ್ತಾನೆ. ಪೊಲೀಸರು ಹಿಡಿದುಕೊಂಡು ಹೋಗ್ತಾರೆ. ಮನೆ ಮಂದಿಯೆಲ್ಲ ಗಿರ್ಮಿಟ್ ತಿನ್ನುತ್ತ ನೋಡಬಹುದು. ನಮ್ಮ ಅಜ್ಜಂದಿರ ಕಾಲಕ್ಕೆ ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ಅಪ್ಪ-ಅವ್ವನ ಕಾಲಕ್ಕೆ, 1993ರಲ್ಲಿ, ದೂರದರ್ಶನದಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಬಂತು. ಈ ಎಲ್ಲ ಕಥೆಗಳೂ ನಮಗೆ ಕೊಡುವ ಭರವಸೆ ಒಂದೇ: ಸತ್ಯ ಒಂದು ಐತಿ, ಅದು ಸಿಗುತ್ತೆ, ಸಿಕ್ಕ ಮೇಲೆ ಮನಸ್ಸಿಗೆ ಸಮಾಧಾನ ಆಗುತ್ತೆ.

ಈ ಜಾತಿಯ ರಾಜ ಅಂದ್ರೆ ಅಗಾಥಾ ಕ್ರಿಸ್ಟಿಯ ಹರ್ಕ್ಯೂಲ್ ಪ್ವಾರೋ. ಬ್ರಿಟನ್ನಿನ ಐಟಿವಿಯಲ್ಲಿ 1989ರಿಂದ 2013ರವರೆಗೆ 70 ಎಪಿಸೋಡು ಬಂದವು, ಎಲ್ಲದರಲ್ಲೂ ಪ್ವಾರೋ ಆಗಿ ಡೇವಿಡ್ ಸುಷೆ ಒಬ್ಬರೇ. ಮೊಟ್ಟೆಯಂಥ ತಲೆ, ಮೇಣ ಹಚ್ಚಿ ತಿರುವಿದ ಮೀಸೆ, ಬೂಟಿಗೆ ಧೂಳು ತಗುಲಿದ್ರೆ ಮುಖ ಹಿಂಡುವ ಮನುಷ್ಯ. ಮೊದಲ ವರ್ಷಗಳ ಎಪಿಸೋಡು ನೋಡಿದ್ರೆ ನಗು ಬರುತ್ತೆ. ಕ್ಯಾಪ್ಟನ್ ಹೇಸ್ಟಿಂಗ್ಸ್ ಅನ್ನುವ ಗೆಳೆಯ, ಮಿಸ್ ಲೆಮನ್ ಅನ್ನುವ ಸೆಕ್ರೆಟರಿ, ಇನ್‌ಸ್ಪೆಕ್ಟರ್ ಜ್ಯಾಪ್. ಕೊಲೆ ಆದರೂ ವಾತಾವರಣ ಮಾತ್ರ ಮದುವೆ ಮನೆಯದು.

ಇಂಥ ಸೀರಿಯಲ್ಲಿನಲ್ಲಿ 2010ರ ಡಿಸೆಂಬರ್ 25ಕ್ಕೆ, ಕ್ರಿಸ್‌ಮಸ್ ಹಬ್ಬದ ರಾತ್ರಿ, ಬ್ರಿಟನ್ನಿನ ಮಂದಿ ಹೊಟ್ಟೆ ತುಂಬ ಉಂಡು ಟಿವಿ ಮುಂದೆ ಕೂತಾಗ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಬಂತು. ಕ್ರಿಸ್ಟಿಯ ಅತಿ ಪ್ರಸಿದ್ಧ ಕಥೆ. ಎಲ್ಲರಿಗೂ ಅಂತ್ಯ ಗೊತ್ತು. ಆದರೆ ಹೀಗೆ ನೋಡಿರಲಿಲ್ಲ.

ಶುರುವಾಗುವುದೇ ಒಂದು ಸಾವಿನಿಂದ, ಅದೂ ಪ್ವಾರೋ ಮಾತಿನಿಂದ ಆದ ಸಾವು. ಸೈನ್ಯದ ಒಬ್ಬ ತರುಣ ಅಧಿಕಾರಿ ಸುಳ್ಳು ಹೇಳಿದ್ದಾನೆ. ಪ್ವಾರೋ ಆ ಸುಳ್ಳನ್ನು ಎಲ್ಲರೆದುರು ಬಿಚ್ಚಿಡುತ್ತಾನೆ, ಕರುಣೆ ಇಲ್ಲದೆ. ಹುಡುಗ ಅಲ್ಲೇ ಪಿಸ್ತೂಲು ತೆಗೆದು ಗುಂಡು ಹಾರಿಸಿಕೊಳ್ಳುತ್ತಾನೆ. ರಕ್ತದ ಹನಿ ಪ್ವಾರೋ ಮುಖಕ್ಕೆ ಸಿಡಿಯುತ್ತೆ. ಧೂಳು ಕಂಡ್ರೆ ಆಗದ ಮನುಷ್ಯನ ಮುಖಕ್ಕೆ. ಆಮೇಲೆ ಇಸ್ತಾಂಬುಲ್. ಬೀದಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಅಟ್ಟಿಸಿಕೊಂಡು ಹೋಗಿ ಗುಂಪು ಕಲ್ಲು ಹೊಡೆಯುತ್ತೆ. ಅವಳ ತಪ್ಪು ಅಂದ್ರೆ, ಗಂಡನಲ್ಲದವನಿಂದ ಗರ್ಭಿಣಿ ಆದಳು ಅನ್ನೋದು. ಅದನ್ನು ಕಂಡು ತಳಮಳಿಸಿದ ಇಂಗ್ಲಿಷ್ ಹುಡುಗಿಯೊಬ್ಬಳಿಗೆ ಪ್ವಾರೋ ಕೊಡುವ ಉತ್ತರ ತಣ್ಣಗೆ ಇರುತ್ತೆ. ಆಕೆಗೆ ಆ ಊರಿನ ನಿಯಮ ಗೊತ್ತಿತ್ತಲ್ಲ ಅನ್ನುವ ಧಾಟಿ. ಈ ಎರಡೂ ದೃಶ್ಯ ಪುಸ್ತಕದಲ್ಲಿ ಹೀಗೆ ಇಲ್ಲ. ಕಲ್ಲೇಟಿನ ದೃಶ್ಯವಂತೂ ಇಲ್ಲವೇ ಇಲ್ಲ. ಟಿವಿಯವರು ಬೇಕಂತಲೇ ಸೇರಿಸಿದ್ದು. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಕಥೆ ಚುಟುಕಾಗಿ: ಇಸ್ತಾಂಬುಲ್‌ನಿಂದ ಹೊರಟ ರೈಲು ಯುಗೊಸ್ಲಾವಿಯಾದ ಹಿಮದಲ್ಲಿ ಸಿಕ್ಕಿಬೀಳುತ್ತೆ. ರಾತ್ರಿ ರ್‍ಯಾಚೆಟ್ ಅನ್ನುವ ಅಮೆರಿಕದ ಶ್ರೀಮಂತ ತನ್ನ ಕ್ಯಾಬಿನ್ನಿನಲ್ಲಿ ಹೆಣವಾಗಿ ಸಿಗುತ್ತಾನೆ. ಮೈಮೇಲೆ 12 ಇರಿತ. ಕೆಲವು ಆಳ, ಕೆಲವು ಬರೀ ಗೀರು. ಪ್ವಾರೋ ಪತ್ತೆ ಹಚ್ಚುವುದು ಇಷ್ಟು: ರ್‍ಯಾಚೆಟ್‌ನ ನಿಜವಾದ ಹೆಸರು ಕ್ಯಾಸೆಟ್ಟಿ. ಅಮೆರಿಕದಲ್ಲಿ ಡೇಸಿ ಆರ್ಮ್‌ಸ್ಟ್ರಾಂಗ್ ಅನ್ನುವ ಪುಟ್ಟ ಹುಡುಗಿಯನ್ನು ಕದ್ದು, ದುಡ್ಡು ಇಸಿದುಕೊಂಡು, ಕೊಂದವನು. ಆ ಆಘಾತದಲ್ಲಿ ತಾಯಿ ಸತ್ತಳು, ತಂದೆ ಗುಂಡು ಹಾರಿಸಿಕೊಂಡ, ಪೊಲೀಸರು ಅನುಮಾನಪಟ್ಟರೆಂದು ಮನೆಯ ಕೆಲಸದ ಹುಡುಗಿ ಕಿಟಕಿಯಿಂದ ಹಾರಿದಳು. ಆಕೆಯದು ಏನೂ ತಪ್ಪಿರಲಿಲ್ಲ. ಕ್ಯಾಸೆಟ್ಟಿ ಮಾತ್ರ ದುಡ್ಡಿನ ಬಲದಿಂದ ಕೋರ್ಟಿನಿಂದ ಪಾರಾಗಿ ಬಂದ. ರೈಲಿನಲ್ಲಿದ್ದವರು ಅಪರಿಚಿತರಲ್ಲ, ಎಲ್ಲರೂ ಆ ಮನೆಗೆ ಬೇಕಾದವರು. ಹನ್ನೆರಡು ಮಂದಿ, ಅಂದ್ರೆ ಒಂದು ಜ್ಯೂರಿಯಲ್ಲಿ ಎಷ್ಟು ಜನ ಇರ್ತಾರೋ ಅಷ್ಟು. ಮಂಪರಿನ ಔಷಧಿ ಕೊಟ್ಟು ಮಲಗಿಸಿ, ಒಬ್ಬೊಬ್ಬರೂ ಬಂದು ಒಂದೊಂದು ಸಲ ಇರಿದರು. ಯಾರ ಇರಿತಕ್ಕೆ ಸತ್ತ ಅನ್ನೋದು ಅವರಿಗೂ ಗೊತ್ತಿಲ್ಲ.

ಇದೇ ಕಥೆಯನ್ನು 1974ರಲ್ಲಿ ಸಿಡ್ನಿ ಲ್ಯೂಮೆಟ್ ಸಿನಿಮಾ ಮಾಡಿದ್ದರು. ಅದರ ಕೊನೆ ನೋಡಿದ್ರೆ ನಿಮಗೆ ವ್ಯತ್ಯಾಸ ತಿಳಿಯುತ್ತೆ. ಅಲ್ಲಿ ಪ್ವಾರೋ ಎರಡು ಉತ್ತರ ಕೊಡ್ತಾನೆ. ಒಂದು, ಯಾರೋ ಹೊರಗಿನವನು ಬಂದು ಕೊಂದು ಓಡಿಹೋದ. ಎರಡು, ನೀವೆಲ್ಲ ಸೇರಿ ಕೊಂದ್ರಿ. ಪೊಲೀಸರಿಗೆ ಮೊದಲನೆಯದನ್ನೇ ಹೇಳೋಣ ಅಂತ ತೀರ್ಮಾನ ಆಗುತ್ತೆ, ಎಲ್ಲರೂ ಗ್ಲಾಸಿಗೆ ಗ್ಲಾಸು ತಾಗಿಸಿ ಶಾಂಪೇನ್ ಕುಡೀತಾರೆ. ಪ್ರೇಕ್ಷಕ ಖುಷಿಯಿಂದ ಮನೆಗೆ ಹೋಗ್ತಾನೆ.

2010ರ ಎಪಿಸೋಡಿನಲ್ಲಿ ಶಾಂಪೇನ್ ಇಲ್ಲ. ರೈಲಿನ ಬಿಸಿ ಆರಿ ಹೋಗಿದೆ, ಎಲ್ಲರ ಬಾಯಿಂದ ಹೊಗೆಯಂತೆ ಉಸಿರು ಬರ್ತಿದೆ. ಪ್ವಾರೋ ಸತ್ಯ ಹೇಳಿ ಸುಮ್ಮನಾಗೋದಿಲ್ಲ, ಕೂಗಾಡ್ತಾನೆ. ನೀವೇ ನ್ಯಾಯಾಧೀಶರು, ನೀವೇ ಗಲ್ಲಿಗೇರಿಸುವವರು ಆದ್ರೆ ಕಾನೂನು ಅನ್ನೋದು ಯಾಕೆ ಬೇಕು ಅನ್ನುವ ಸಿಟ್ಟು. ಆಗ ಅವರಲ್ಲೊಬ್ಬ, ಕರ್ನಲ್ ಆರ್ಬತ್ನಾಟ್, ಪಿಸ್ತೂಲು ತೆಗೀತಾನೆ. ಇವನನ್ನೂ ಮುಗಿಸಿಬಿಟ್ರೆ ಗುಟ್ಟು ಗುಟ್ಟಾಗೇ ಉಳಿಯುತ್ತಲ್ಲ! ಉಳಿದವರು ತಡೀತಾರೆ. ಆದರೆ ನೋಡುವವರಿಗೆ ಮೈ ಜುಮ್ಮೆನ್ನುವುದು ಆ ಕ್ಷಣದಲ್ಲೇ. ಒಬ್ಬ ಪಾಪಿಯನ್ನು ಕೊಂದ ಧರ್ಮಾತ್ಮರು, ಒಂದೇ ರಾತ್ರಿಯಲ್ಲಿ, ನಿರಪರಾಧಿಯನ್ನು ಕೊಲ್ಲುವ ತನಕ ಬಂದು ನಿಂತಿದ್ದಾರೆ. ಇಸ್ತಾಂಬುಲ್‌ನ ಕಲ್ಲು ಹಿಡಿದ ಗುಂಪಿಗೂ ಫಸ್ಟ್ ಕ್ಲಾಸ್ ಡಬ್ಬಿಯ ಈ ಸಭ್ಯರಿಗೂ ಏನು ಫರಕು ಅನ್ನುವುದು ಎಪಿಸೋಡಿನ ಪ್ರಶ್ನೆ. ಆರಂಭದಲ್ಲಿ ಆ ಬೀದಿಯ ದೃಶ್ಯ ಇಟ್ಟದ್ದು ಇದಕ್ಕೇ.

ಅಂದಹಾಗೆ ಇದು ಬರೀ ಕಲ್ಪನೆ ಅಲ್ಲ. ಕ್ರಿಸ್ಟಿಗೆ ಈ ಕಥೆ ಕೊಟ್ಟದ್ದು ಅಮೆರಿಕದ ಒಂದು ನಿಜವಾದ ಪ್ರಕರಣ.

ಚಾರ್ಲ್ಸ್ ಲಿಂಡ್‌ಬರ್ಗ್ ಹೆಸರು ಕೇಳಿರಬಹುದು. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿಕೊಂಡು, ನಡುವೆ ಎಲ್ಲೂ ಇಳಿಯದೆ, ಸುಮಾರು ಮೂವತ್ಮೂರುವರೆ ತಾಸಿನಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ ಮುಟ್ಟಿದವನು. ಆ ಕಾಲಕ್ಕೆ ಅವನಷ್ಟು ಫೇಮಸ್ ಮನುಷ್ಯ ಇನ್ನೊಬ್ಬ ಇರಲಿಲ್ಲ ಅಂದ್ರೂ ನಡೀತದ. 1932ರ ಮಾರ್ಚ್ 1ರ ರಾತ್ರಿ ನ್ಯೂಜೆರ್ಸಿಯ ಅವನ ಮನೆಯ ಮಹಡಿಯ ಕಿಟಕಿಗೆ ಯಾರೋ ಮರದ ಏಣಿ ಹಾಕಿ, 20 ತಿಂಗಳ ಮಗನನ್ನು ತೊಟ್ಟಿಲಿನಿಂದ ಎತ್ತಿಕೊಂಡು ಹೋದರು. ಚೀಟಿಯಲ್ಲಿ 50,000 ಡಾಲರ್ ಕೇಳಿದ್ದರು. ಏಪ್ರಿಲ್ 2ಕ್ಕೆ ನ್ಯೂಯಾರ್ಕಿನ ಒಂದು ಸ್ಮಶಾನದಲ್ಲಿ ದುಡ್ಡು ಕೊಟ್ಟದ್ದಾಯಿತು. ಮಗು ಬರಲಿಲ್ಲ. ಮೇ 12ಕ್ಕೆ ಮನೆಯಿಂದ ಕೆಲವೇ ಮೈಲು ದೂರದ ಕಾಡಿನಲ್ಲಿ ಮಗುವಿನ ಹೆಣ ಸಿಕ್ಕಿತು. ದುಡ್ಡು ಎಣಿಸಿಕೊಳ್ಳುವ ಹೊತ್ತಿಗೆ ಮಗು ಎಂದೋ ಸತ್ತಿತ್ತು.

ಕಥೆಯಲ್ಲಿ ಕಿಟಕಿಯಿಂದ ಹಾರಿದ ಕೆಲಸದ ಹುಡುಗಿ ಇದ್ದಳಲ್ಲ, ಅವಳೂ ನಿಜ. ವೈಲೆಟ್ ಶಾರ್ಪ್ ಅಂತ ಇಂಗ್ಲೆಂಡಿನಿಂದ ಬಂದವಳು, ಲಿಂಡ್‌ಬರ್ಗ್‌ನ ಹೆಂಡತಿಯ ತವರುಮನೆಯಲ್ಲಿ ಕೆಲಸಕ್ಕಿದ್ದಳು. ಅಪಹರಣದ ರಾತ್ರಿ ಎಲ್ಲಿದ್ದೆ ಅಂತ ಪೊಲೀಸರು ಕೇಳಿದಾಗ ಸರಿಯಾಗಿ ಹೇಳಲಿಲ್ಲ, ಮಾತು ಬದಲಿಸಿದಳು. ಅನುಮಾನ ಬಿಗಿಯಾಗುತ್ತ ಹೋಯಿತು. ಮತ್ತೆ ವಿಚಾರಣೆಗೆ ಕರೆ ಬಂದಾಗ, 1932ರ ಜೂನ್ 10ಕ್ಕೆ, ಬೆಳ್ಳಿ ಪಾತ್ರೆ ತಿಕ್ಕುವ ಸಯನೈಡ್ ಇದ್ದ ಪುಡಿಯನ್ನು ಕುಡಿದು ಸತ್ತಳು. ಆಮೇಲೆ ತಿಳಿಯಿತು, ಆ ರಾತ್ರಿ ಅವಳು ಪರಿಚಯದವರ ಜೊತೆ ಒಂದು ಹೋಟೆಲಿಗೆ ಹೋಗಿದ್ದಳು. ಅಷ್ಟೇ. ಅದನ್ನು ಹೇಳಲು ಹೆದರಿದ್ದಳು. ಈ ಇಡೀ ಪ್ರಕರಣದಲ್ಲಿ ನನಗೆ ಬಹಳ ಕಾಡುವ ಹೆಸರು ಇದು. ಸುಳ್ಳು ಹೇಳಿದವರೆಲ್ಲ ಕಳ್ಳರಲ್ಲ. ಎಪಿಸೋಡಿನ ಆರಂಭದಲ್ಲಿ ಗುಂಡು ಹಾರಿಸಿಕೊಂಡ ಆ ತರುಣ ಅಧಿಕಾರಿಯನ್ನ ಮತ್ತೊಮ್ಮೆ ನೆನಪು ಮಾಡಿಕೊಳ್ಳಿ.

ನನ್ನ ಡಿಗ್ರಿ ಬಿಕಾಂ. ಹಂಗಾಗಿ ಅಪರಾಧಿ ಸಿಕ್ಕ ರೀತಿ ನನಗೆ ಎಲ್ಲಕ್ಕಿಂತ ರುಚಿ. ಒತ್ತೆಹಣದ ದೊಡ್ಡ ಪಾಲನ್ನು 'ಗೋಲ್ಡ್ ಸರ್ಟಿಫಿಕೇಟ್' ಅನ್ನುವ ನೋಟುಗಳಲ್ಲಿ ಕೊಟ್ಟಿದ್ದರು. ಅಂದ್ರೆ ಕೊಟ್ಟು ಅಷ್ಟು ಚಿನ್ನ ಇಸಿದುಕೊಳ್ಳಬಹುದು ಅಂತ ಸರ್ಕಾರ ಮಾತು ಕೊಟ್ಟ ನೋಟು. ಪ್ರತಿಯೊಂದರ ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿದ್ದರು. ಮುಂದಿನ ವರ್ಷ, 1933ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿದರು: ಚಿನ್ನ ಮತ್ತು ಈ ನೋಟುಗಳನ್ನು ಮೇ 1ರೊಳಗೆ ಬ್ಯಾಂಕಿಗೆ ತಂದು ಕಟ್ಟಬೇಕು. ಅದು ಆರ್ಥಿಕ ಕುಸಿತದ ಮದ್ದು, ಅಪಹರಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ 2016ರ ನವೆಂಬರ್ 8 ನೆನಪಿರುವ ನಮಗೆ ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ಹಳೆಯ ನೋಟು ತೋರಿಸಿದವನು ಎಲ್ಲರ ಕಣ್ಣಿಗೆ ಬೀಳ್ತಾನೆ. 1934ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಒಂದು ಪೆಟ್ರೋಲ್ ಬಂಕಿಗೆ ಬಂದವನೊಬ್ಬ ಹತ್ತು ಡಾಲರಿನ ಗೋಲ್ಡ್ ಸರ್ಟಿಫಿಕೇಟ್ ಕೊಟ್ಟ. ಬಂಕಿನ ಹುಡುಗನಿಗೆ ಖೋಟಾ ನೋಟೋ ಏನೋ ಅಂತ ಅನುಮಾನ. ಕಾರಿನ ನಂಬರನ್ನು ನೋಟಿನ ಅಂಚಿನಲ್ಲೇ ಪೆನ್ಸಿಲ್‌ನಿಂದ ಗೀಚಿಕೊಂಡ. ನೋಟು ಬ್ಯಾಂಕಿಗೆ ಹೋಯಿತು, ಪಟ್ಟಿಗೆ ತಾಳೆಯಾಯಿತು. ಕಾರು ಬ್ರೂನೋ ಹಾಪ್ಟ್‌ಮನ್ ಅನ್ನುವ ಬಡಗಿಯದು, ಜರ್ಮನಿಯಿಂದ ವಲಸೆ ಬಂದವನು. ಅವನ ಗ್ಯಾರೇಜಿನಲ್ಲಿ ಒತ್ತೆಹಣದ ಸುಮಾರು 14,000 ಡಾಲರ್ ಸಿಕ್ಕಿತು.

ಎರಡೂವರೆ ವರ್ಷ ದೇಶದ ಪೊಲೀಸರೆಲ್ಲ ಹುಡುಕಿದ್ದು, ಕೊನೆಗೆ ಸಿಕ್ಕದ್ದು ಒಂದು ಪೆನ್ಸಿಲ್ ಗೀಟಿನಿಂದ. ಪತ್ತೇದಾರಿಕೆ ಅಂದ್ರೆ ಬಹುಪಾಲು ಇಷ್ಟೇ, ಲೆಕ್ಕಪತ್ರ.

ಈಗ ತಾರೀಖು ಗಮನಿಸಿ. ಕ್ರಿಸ್ಟಿಯ ಕಾದಂಬರಿ ಬ್ರಿಟನ್ನಿನಲ್ಲಿ ಬಂದದ್ದು 1934ರ ಜನವರಿ 1ಕ್ಕೆ. ಹಾಪ್ಟ್‌ಮನ್ ಸಿಕ್ಕದ್ದು ಅದೇ ವರ್ಷದ ಸೆಪ್ಟೆಂಬರ್‌ಗೆ. ಅಂದ್ರೆ ಅಪರಾಧಿ ಯಾರು ಅಂತ ಜಗತ್ತಿಗೇ ಗೊತ್ತಿಲ್ಲದಾಗ ಆಕೆ ಅವನಿಗೆ ಹೆಸರು ಕೊಟ್ಟು, ರೈಲಿನಲ್ಲಿ ಕೂರಿಸಿ, 12 ಮಂದಿಯಿಂದ ಕೊಲ್ಲಿಸಿದ್ದಳು. ಅದು ಆ ಹೊತ್ತಿನ ಮಂದಿಯ ಆಸೆ. ಯಾರಾದರೂ ಅವನನ್ನು ಹಿಡಿದು ಮುಗಿಸಲಿ ಅಂತ ಎಲ್ಲರಿಗೂ ಇತ್ತು. ಲೇಖಕಿ ಆ ಆಸೆ ಪೂರೈಸಿದಳು, ಮತ್ತು ಒಂದು ದೊಡ್ಡ ಅನುಕೂಲವನ್ನೂ ಮಾಡಿಕೊಟ್ಟಳು. ಕ್ಯಾಸೆಟ್ಟಿಯೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ ಅಂತ ಪುಸ್ತಕವೇ ನಮಗೆ ಗ್ಯಾರಂಟಿ ಕೊಡುತ್ತೆ. ಆ ಗ್ಯಾರಂಟಿ ಇರೋದಕ್ಕೇ ನಾವು ಆ ಹನ್ನೆರಡು ಜನರ ಕಡೆ ನಿಲ್ತೀವಿ.

ನಿಜವಾದ ಕೋರ್ಟಿನಲ್ಲಿ ಅಂಥ ಗ್ಯಾರಂಟಿ ಯಾರೂ ಕೊಡಲಿಲ್ಲ. 1935ರ ಜನವರಿಯಲ್ಲಿ ನ್ಯೂಜೆರ್ಸಿಯ ಫ್ಲೆಮಿಂಗ್ಟನ್ ಅನ್ನುವ ಸಣ್ಣ ಊರಿನಲ್ಲಿ ವಿಚಾರಣೆ ಶುರುವಾಯಿತು. ಸಾವಿರಾರು ಮಂದಿ ಬಂದು ಸೇರಿದರು, ಅಕ್ಷರಶಃ ಜಾತ್ರೆ. ಅಪಹರಣಕ್ಕೆ ಬಳಸಿದ ಏಣಿಯ ಪುಟ್ಟ ಪುಟ್ಟ ಮಾದರಿ ಮಾಡಿ ಬೀದಿಯಲ್ಲಿ ಮಾರಿದರು, ನಮ್ಮ ಜಾತ್ರೆಯಲ್ಲಿ ಪೀಪಿ ಮಾರಿದ ಹಾಗೆ. ಫೆಬ್ರುವರಿ 13ಕ್ಕೆ ಜ್ಯೂರಿ ತಪ್ಪಿತಸ್ಥ ಅಂದಿತು, 1936ರ ಏಪ್ರಿಲ್ 3ಕ್ಕೆ ಹಾಪ್ಟ್‌ಮನ್‌ನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ನಾನಲ್ಲ ಅಂತಲೇ ಹೇಳುತ್ತ ಸತ್ತ. ದುಡ್ಡು ಅವನ ಹತ್ತಿರ ಇತ್ತು, ಅದು ಗಟ್ಟಿ ಸಾಕ್ಷಿ. ಆದರೆ ಅವನೊಬ್ಬನೇ ಮಾಡಿದನೇ, ಹೊರಗೆ ಕೂಗುವ ಗುಂಪಿನ ನಡುವೆ ಒಳಗೆ ಕೂತ ಜ್ಯೂರಿ ತಣ್ಣಗೆ ಯೋಚಿಸಿತೇ ಅನ್ನುವ ವಾದ ಇವತ್ತಿಗೂ ನಿಂತಿಲ್ಲ.

ನಮ್ಮಲ್ಲೂ ಜ್ಯೂರಿ ಇತ್ತು. 2016ರ 'ರುಸ್ತಮ್' ಸಿನಿಮಾ ನೋಡಿದವರಿಗೆ ನಾನಾವತಿ ಕೇಸು ಗೊತ್ತಿರುತ್ತೆ. 1959ರಲ್ಲಿ ಮುಂಬೈಯ ಜ್ಯೂರಿ 8ಕ್ಕೆ 1 ಮತದಿಂದ ನೌಕಾಪಡೆಯ ಆ ಅಧಿಕಾರಿಯನ್ನು ನಿರ್ದೋಷಿ ಅಂದಿತು. ಪತ್ರಿಕೆಯೊಂದು ಅವನ ಪರವಾಗಿ ಜನರ ಮನಸ್ಸು ಕಾಯಿಸಿಟ್ಟಿತ್ತು. ಹೈಕೋರ್ಟು ಆ ತೀರ್ಪು ಒಪ್ಪಲಿಲ್ಲ, ಜೀವಾವಧಿ ಕೊಟ್ಟಿತು. 1973ರ ಅಪರಾಧ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿಯ ಕಥೆ ಮುಗಿದಿತ್ತು.

ಕಾಗದದ ಮೇಲೆ ಮುಗಿಯಿತು ಅನ್ನಬೇಕು. ಯಾಕಂದ್ರೆ ಮಗು ಕದಿಯುವವನು, ಅವನನ್ನು ಹಿಡಿದು ತಾವೇ ಶಿಕ್ಷೆ ಕೊಡುವ ಮಂದಿ, ಈ ಎರಡನ್ನೂ ನಾವು 2018ರಲ್ಲಿ ಕರ್ನಾಟಕದಲ್ಲೇ ಕಂಡ್ವಿ. ಈ ಸಲ ಏಣಿ ಇರಲಿಲ್ಲ, ಚೀಟಿ ಇರಲಿಲ್ಲ, ಕಳೆದುಹೋದ ಮಗುವೂ ಇರಲಿಲ್ಲ. ಫೋನ್ ಇತ್ತು.

ಆ ಬೇಸಿಗೆ ನೆನಪಿದೆಯಾ? ಒಂದು ವಿಡಿಯೋ ಎಲ್ಲರ ವಾಟ್ಸ್ಆಪ್‌ಗೆ ಬಂದಿತ್ತು. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ, ಬೈಕಿನ ಮೇಲೆ ಇಬ್ಬರು ಬಂದು ಒಬ್ಬ ಹುಡುಗನನ್ನು ಎತ್ತಿಕೊಂಡು ಹೋಗ್ತಾರೆ. ಕೆಳಗೆ ಕನ್ನಡದಲ್ಲೋ ಹಿಂದಿಯಲ್ಲೋ ಮೆಸೇಜು: ಮಕ್ಕಳ ಕಳ್ಳರು ನಮ್ಮ ಕಡೆ ಬಂದಿದ್ದಾರೆ, ಹುಷಾರು. ಆ ವಿಡಿಯೋ ಪಾಕಿಸ್ತಾನದ ಕರಾಚಿಯದು. ಮಕ್ಕಳ ಸುರಕ್ಷತೆಗೆ ಕೆಲಸ ಮಾಡುವ ಸಂಸ್ಥೆಯೊಂದು ಮಾಡಿಸಿದ ಜಾಗೃತಿ ಜಾಹೀರಾತು. ಪೂರ್ತಿ ನೋಡಿದ್ರೆ ಕೊನೆಗೆ ಬೈಕಿನವರು ವಾಪಸ್ ಬಂದು ಹುಡುಗನನ್ನು ಇಳಿಸಿ, ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಅನ್ನುವ ಅರ್ಥದ ಫಲಕ ಎತ್ತಿ ಹಿಡೀತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಹಾಕಿದ್ದರು. ಪತ್ತೇದಾರಿ ಕಥೆಯ ಕೊನೆಯ ಅಧ್ಯಾಯ ಹರಿದು ಓದಲು ಕೊಟ್ಟ ಹಾಗೆ.

ಮೇ 23ಕ್ಕೆ ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ 26 ವರ್ಷದ ತರುಣನೊಬ್ಬನನ್ನು ಮಕ್ಕಳ ಕಳ್ಳ ಅಂತ ಕೈಕಾಲು ಕಟ್ಟಿ ಹೊಡೆದು ಕೊಂದರು. ಜುಲೈ 1ಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ, ಸಂತೆಯ ದಿನ, ಐದು ಮಂದಿಯನ್ನು ಪಂಚಾಯಿತಿ ಕಟ್ಟಡದ ಕೋಣೆಯಲ್ಲಿ ಕೂಡಿಹಾಕಿ ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯ ಅಲೆಮಾರಿಗಳು, ನಾಥಪಂಥಿ ದವರಿ ಗೋಸಾವಿಗಳು. ಭಿಕ್ಷೆ ಬೇಡುತ್ತ ಊರೂರು ತಿರುಗುವುದೇ ಅವರ ಕುಲಕಸುಬು.

ನಮ್ಮ ಮುಂಡರಗಿ, ಶಿರಹಟ್ಟಿ ಕಡೆ ಹಳ್ಳಿಗಳಿಗೂ ಇಂಥವರು ಬರ್ತಾರಲ್ಲ. ಬುಡಬುಡಿಕೆಯವರು, ದುರಗಮುರಗಿಯವರು, ನಮ್ಮ ಮುತ್ತಜ್ಜನ ಹೆಸರು ನಮಗಿಂತ ಚೆನ್ನಾಗಿ ಹೇಳುವ ಹೆಳವರು. ಆ ವರ್ಷ ಲಕ್ಷ್ಮೇಶ್ವರದ ನಮ್ಮ ಸೋದರತ್ತೆ ಫ್ಯಾಮಿಲಿ ಗ್ರೂಪಿಗೆ ಅದೇ ಕರಾಚಿ ವಿಡಿಯೋ ಹಾಕಿದ್ರು. ಕೆಳಗೆ ಕೈಮುಗಿಯುವ ಇಮೋಜಿ ಬೇರೆ. ಅದಾದ ಮೇಲೆ ಎಷ್ಟೋ ದಿನ ನಮ್ಮ ಅಜ್ಜಿ ಬುಡಬುಡಿಕೆ ಸದ್ದು ಕೇಳಿದ್ರೆ ಮೊಮ್ಮಕ್ಕಳನ್ನ ಒಳಗೆ ಕರೆದು ಬಾಗಿಲು ಹಾಕ್ತಿದ್ರು. ಅದೇ ಮನುಷ್ಯನಿಗೆ ವರ್ಷಾ ಮೊರದ ತುಂಬ ಜೋಳ ಹಾಕಿ, 'ಮಗಳ ಮದುವಿ ಆತೇನಪಾ' ಅಂತ ಕೇಳ್ತಿದ್ದವರು.

ಜುಲೈ 10ಕ್ಕೆ ವಾಟ್ಸ್ಆಪ್ ಕಂಪನಿ ದೇಶದ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟಿತು, ಸುಳ್ಳು ಸುದ್ದಿ ಗುರುತಿಸುವುದು ಹೇಗೆ ಅಂತ. ಮೂರು ದಿನಕ್ಕೆ ಮುರ್ಕಿ.

ಬೀದರ್ ಜಿಲ್ಲೆಯ ಊರು ಅದು. ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಕಾರಿನಲ್ಲಿ ಆ ಕಡೆ ಬಂದಿತ್ತು. ಒಬ್ಬ ಕತಾರ್ ದೇಶದವನು. ಹತ್ತಿರದ ಊರಲ್ಲಿ ನಿಂತಾಗ ಶಾಲೆಯಿಂದ ಬರ್ತಿದ್ದ ಮಕ್ಕಳಿಗೆ ವಿದೇಶದ ಚಾಕಲೇಟು ಕೊಟ್ಟರು. ಚಾಕಲೇಟು! ಊರ ಮಂದಿಗೆ ಅಷ್ಟೇ ಸಾಕಾಯಿತು. ಜಗಳ ಶುರುವಾಗಿ, ಇವರು ಹೆದರಿ ಕಾರು ಹತ್ತಿ ಹೊರಟರು. ಅವರು ಓಡಿದ್ದೇ ಅವರ ವಿರುದ್ಧ ಸಾಕ್ಷಿಯಾಯಿತು, ವೈಲೆಟ್ ಶಾರ್ಪ್ ತಡವರಿಸಿದ್ದು ಸಾಕ್ಷಿಯಾದ ಹಾಗೆ. ಮಕ್ಕಳ ಕಳ್ಳರು ಕಾರಿನಲ್ಲಿ ಬರ್ತಿದ್ದಾರೆ ಅಂತ ವಿಡಿಯೋ, ಮೆಸೇಜು ಕಾರಿಗಿಂತ ಮೊದಲೇ ಮುರ್ಕಿ ಮುಟ್ಟಿದವು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿದ್ದರು. ಕಾರು ಉರುಳಿ ತಗ್ಗಿಗೆ ಬಿತ್ತು. ಆಮೇಲೆ ಕಲ್ಲು, ಬಡಿಗೆ. 32 ವರ್ಷದ ಒಬ್ಬ ಇಂಜಿನಿಯರ್ ಸತ್ತ, ಅವನ ಜೊತೆಗಿದ್ದವರಿಗೆ ತೀವ್ರ ಗಾಯ. ಅಡ್ಡ ನಿಂತ ಪೊಲೀಸರಿಗೂ ಏಟು ಬಿತ್ತು. ಗ್ರೂಪಿನ ಅಡ್ಮಿನ್ ಸೇರಿ ಸುಮಾರು 30 ಮಂದಿಯನ್ನು ಪೊಲೀಸರು ಹಿಡಿದರು.

ಆ ದಿನ ಆ ಊರಿನಲ್ಲಿ ಯಾವ ಮಗುವೂ ಕಳೆದಿರಲಿಲ್ಲ.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ಆ ಎಪಿಸೋಡಿನ ಕತ್ತಲೆ ಎಲ್ಲಿಂದ ಬರುತ್ತೆ ಅಂತ ಅರ್ಥ ಆಯ್ತು. ಮುರ್ಕಿಯಲ್ಲಿ ಕಲ್ಲು ಎತ್ತಿದವರೂ ತಾವು ಕ್ಯಾಸೆಟ್ಟಿಯನ್ನೇ ಹೊಡೀತಿದ್ದೀವಿ ಅಂದುಕೊಂಡಿದ್ದರು. ಅವರೊಳಗೂ ಒಬ್ಬ ಕರ್ನಲ್, ಒಬ್ಬ ಅಜ್ಜಿ, ಒಬ್ಬ ಮಗುವಿನ ಮಾವ ಇದ್ದಿರಬೇಕು. ಮಕ್ಕಳ ಮೇಲಿನ ಪ್ರೀತಿ ಸುಳ್ಳಾಗಿರಲಿಲ್ಲ. ರೈಲಿನವರು ವರ್ಷಗಟ್ಟಲೆ ಪ್ಲ್ಯಾನ್ ಮಾಡಿದ್ದರು, ಇವರು ಅರ್ಧ ತಾಸಿನಲ್ಲಿ ಮುಗಿಸಿದರು. ಖರೇ ಫರಕು ಅಂದ್ರೆ, ರೈಲಿನವರ ಬೆನ್ನಿಗೆ ಅಗಾಥಾ ಕ್ರಿಸ್ಟಿ ಇದ್ದಳು. ಇವನೇ ಕಳ್ಳ ಅಂತ ಹೇಳೋಕೆ ಕಥೆಗಾರ್ತಿ ಇದ್ದಳು. ಮುರ್ಕಿಯವರಿಗೆ ಇದ್ದದ್ದು ಕೊನೆ ಕತ್ತರಿಸಿದ ವಿಡಿಯೋ.

ಇನ್ನೊಂದು ಮಾತು, ಕಾನೂನಿನದು. ಹನ್ನೆರಡು ಜನ ಇರಿದರೆ ಯಾರ ಇರಿತಕ್ಕೆ ಸತ್ತ ಅಂತ ಗೊತ್ತಾಗೋದಿಲ್ಲ, ಹಂಗಾಗಿ ಯಾರೂ ಪೂರ್ತಿ ಕೊಲೆಗಾರರಲ್ಲ ಅನ್ನುವುದು ಆ ರೈಲಿನವರ ಸಮಾಧಾನ. ನಮ್ಮ ದೇಶದಲ್ಲಿ ಈ ಜಾಣತನ ನಡೆಯೋದಿಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ 149ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಂ ಹೇಳುವುದು ಇದು: ಐದು ಅಥವಾ ಹೆಚ್ಚು ಮಂದಿ ಅಕ್ರಮ ಕೂಟ ಕಟ್ಟಿ, ಆ ಕೂಟದ ಉದ್ದೇಶಕ್ಕಾಗಿ ಒಬ್ಬ ಸದಸ್ಯ ಅಪರಾಧ ಮಾಡಿದರೆ, ಆ ಹೊತ್ತಿಗೆ ಕೂಟದಲ್ಲಿದ್ದ ಪ್ರತಿಯೊಬ್ಬನೂ ಆ ಅಪರಾಧಕ್ಕೆ ಹೊಣೆ. ನಾನು ಒಂದೇ ಕಲ್ಲು ಒಗೆದೆ, ಅದೂ ಸಣ್ಣದು ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಗುಂಪಿನಲ್ಲಿ ಮಾಡಿದ ಪಾಪ ಪಾಲಾಗಿ ಹಂಚಿಹೋಗುತ್ತೆ ಅಂತ ನಾವು ಅಂದುಕೊಳ್ತೀವಿ. ಕಾನೂನಿನ ಲೆಕ್ಕದಲ್ಲಿ ಅದು ಭಾಗಾಕಾರ ಅಲ್ಲ, ಗುಣಾಕಾರ. ಪ್ರತಿಯೊಬ್ಬರಿಗೂ ಪೂರ್ತಿ.

ಮುರ್ಕಿ ಆದ ನಾಲ್ಕು ದಿನಕ್ಕೆ, ಜುಲೈ 17ಕ್ಕೆ, ಸುಪ್ರೀಂ ಕೋರ್ಟು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪು ಹತ್ಯೆಯ ಬಗ್ಗೆ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತು. ಪ್ರತಿ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಸುಳ್ಳು ಮೆಸೇಜು ಹರಡುವವರ ಮೇಲೆ ಕೇಸು ಹಾಕಬೇಕು ಅಂತೆಲ್ಲ. ಅದೇ ವಾರ ವಾಟ್ಸ್ಆಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕುವುದಾಗಿ ಹೇಳಿತು. ನೀವು ಇವತ್ತು ಯಾವುದೋ ಗುಡ್ ಮಾರ್ನಿಂಗ್ ಚಿತ್ರವನ್ನ ಆರನೇ ಕಡೆಗೆ ಕಳಿಸೋಕೆ ಹೋದಾಗ ಫೋನು ಬೇಡ ಅನ್ನುತ್ತಲ್ಲ, ಅದು ಆ ಬೇಸಿಗೆಯ ಗುರುತು.

ಎಪಿಸೋಡಿನ ಕೊನೆ ಹೇಳಿಬಿಡ್ತೀನಿ. ಪ್ವಾರೋ ಇಡೀ ರಾತ್ರಿ ಕೂತು ಯೋಚಿಸ್ತಾನೆ. ಬೆಳಗಾಗುತ್ತೆ, ಹಿಮದಲ್ಲಿ ನಡೆದುಕೊಂಡು ಯುಗೊಸ್ಲಾವಿಯಾದ ಪೊಲೀಸರು ಬರ್ತಾರೆ. ಹನ್ನೆರಡು ಜನ ರೈಲಿನ ಹೊರಗೆ ಸಾಲಾಗಿ ನಿಂತು, ಇವನು ಏನು ಹೇಳ್ತಾನೋ ಅಂತ ನೋಡ್ತಿರ್ತಾರೆ. ಪ್ವಾರೋ ಹೊರಗಿನವನ ಕಥೆ ಹೇಳ್ತಾನೆ. ತನ್ನ ಜೀವನದಲ್ಲಿ ಸುಳ್ಳನ್ನು ಕ್ಷಮಿಸದ ಮನುಷ್ಯ, ಸುಳ್ಳು ಹೇಳಿದ ಹುಡುಗನ ರಕ್ತ ಮುಖದ ಮೇಲೆ ಬಿದ್ದ ಮನುಷ್ಯ, ತಾನೇ ಸುಳ್ಳು ಹೇಳ್ತಾನೆ. ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ನಾನಂತೂ ಎರಡು ಸಲ ನೋಡಿದಾಗ ಎರಡು ಥರ ಅಂದುಕೊಂಡೆ. ಆಮೇಲೆ ಅವನು ಅವರ ಕಡೆ ತಿರುಗಿಯೂ ನೋಡದೆ ಹಿಮದಲ್ಲಿ ನಡೆದು ಬರ್ತಾನೆ. ಕೈಯಲ್ಲಿ ಜಪಮಾಲೆ, ಕಣ್ಣಲ್ಲಿ ನೀರು. ಯಾರೂ ಮಾತಾಡೋದಿಲ್ಲ.